ಹೊಲಿಗೆ ಕಾಣದ ಅತಿಥಿ

ಗೋದಾಮು ಖಾಲಿ ಮಾಡಬೇಕಾಗಿದೆ ಎಂದು ನಮ್ಮ ಪ್ರಕಾಶಕರು ಹೇಳಿದಾಗ ಅವರ ಪ್ಯಾಂಟು ನನ್ನ ಕೈಯಲ್ಲಿತ್ತು. ಅವರು ನನ್ನ ಪುಸ್ತಕ ಅಚ್ಚು ಹಾಕಿಸಿದ್ದು ಈಚೆಗೆ, ನನ್ನ ಗಿರಾಕಿಯಾಗಿದ್ದು ಎಷ್ಟೋ ಮೊದಲು. ಅವರ ಸೊಂಟ ವರ್ಷ ವರ್ಷ ಅಗಲವಾಗುತ್ತಾ ಬಂದದ್ದು ಅವರ ಹೆಂಡತಿಗಿಂತ ನನಗೇ ಚೆನ್ನಾಗಿ ಗೊತ್ತು.

"ಕಟ್ಟಡದ ಯಜಮಾನ ಕೆಡವಿ ಕಟ್ಟಿಸ್ತಾನಂತೆ ಅಮ್ಮಾ. ಹೊಸ ಜಾಗ ಇದರ ಕಾಲು ಭಾಗವೂ ಇಲ್ಲ. ಜನ ಕೇಳೋ ಪುಸ್ತಕ ಮಾತ್ರ ಹೊತ್ಕೊಂಡು ಹೋಗ್ತೀನಿ. ಉಳಿದದ್ದು..." ಎಂದು ಅಲ್ಲಿಗೇ ನಿಲ್ಲಿಸಿದರು.

"ರದ್ದಿಗೆ," ಎಂದೆ.

"ಬೇಸಿಗೆ ಮುಗಿಯೋವರೆಗೆ ಹೊತ್ತಿದೆ."

"ನನ್ನದನ್ನ ಯಾರಾದ್ರೂ ಕೇಳ್ತಾ ಇದ್ದಾರಾ?"

ಅವರು ಕಿಟಕಿ ನೋಡಿದರು, ಹೊಲಿಗೆ ಮಿಷನ್ ನೋಡಿದರು, ಕೊನೆಗೆ ಪ್ಯಾಂಟು ನೋಡಿ, "ಸೊಂಟ ಈ ಸಲ ಸ್ವಲ್ಪ ಧಾರಾಳವಾಗೇ ಬಿಡಿ," ಎಂದರು. ಉತ್ತರ ಅದರಲ್ಲೇ ಇತ್ತು.

ನನ್ನದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಕೈಕೊಟ್ಟ ಜಿಪ್ಪು ಬದಲಾಯಿಸುವುದು, ಇಷ್ಟೇ ನನ್ನ ಬಾಳಿನ ಕೆಲಸ. ಮಗ ಮೀಸೆ ಬರುವಷ್ಟು ದೊಡ್ಡವನಾದ ಮೇಲೆ ನಾನು ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತೆ. ಅವನ ಪಾಠ ನಾನು ಒಪ್ಪಿಸಿಕೊಳ್ಳಬೇಕಾದ ವಯಸ್ಸಿನಲ್ಲಿ ನನ್ನ ಪಾಠ ಅವನು ಒಪ್ಪಿಸಿಕೊಂಡ. ಬರೆಯಲು ಬಂದ ಮೇಲೆ, ನನ್ನ ಮೇಜಿನ ಮೇಲೆ ಬಂದು ಹೋದ ಬಟ್ಟೆಗಳ ವಿಷಯ ಒಂದೊಂದಾಗಿ ಬರೆಯುತ್ತಾ ಹೋದೆ. ಅದೇ ಪುಸ್ತಕವಾಯಿತು. ಹೆಸರು 'ಸಡಿಲ-ಬಿಗಿ'. ಓದಿದ ನಾಲ್ಕು ಜನ ಚೆನ್ನಾಗಿದೆ ಎಂದರು. ತೊಂದರೆ ಏನೆಂದರೆ, ಓದಿದವರೇ ನಾಲ್ಕು ಜನ.

"ಪುಸ್ತಕದ ಕಟ್ಟುಗಳನ್ನೆಲ್ಲ ಮನೆಗೆ ತಂದುಬಿಡೋಣಮ್ಮ, ಮಂಚದ ಕೆಳಗೆ ಜಾಗ ಇದೆ," ಎಂದ ಮಗ.

"ಮಂಚದ ಕೆಳಗಿನ ಪುಸ್ತಕ ಇಲಿ ಓದುತ್ತೆ ಕಣೋ," ಎಂದೆ. ನನಗೆ ಬೇಕಿದ್ದದ್ದು ಅದು ಉಳಿಯುವುದಷ್ಟೇ ಅಲ್ಲ. ಹೊಲಿದಿಟ್ಟ ಬಟ್ಟೆಯನ್ನು ಯಾರಾದರೂ ಬಂದು ತೊಟ್ಟುಕೊಂಡು ಹೋಗಬೇಕು.

ಆಗ ಬಾಯಿ ಹಾಕಿದವಳು ಸೊಸೆ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಮೇಜಿನ ಹಿಂದೆ ಕೂರುತ್ತಾಳೆ. ಬಾಯಿ ತೆರೆಯಲು ಹೆದರುವವರಿಗೆ ಧೈರ್ಯ ಹೇಳಿ ಒಳಗೆ ಕಳಿಸುವುದು ಅವಳ ಕೆಲಸ. ಅವಳ ಬಾಯಿಗೆ ಮಾತ್ರ ಯಾವ ಹೆದರಿಕೆಯೂ ಇಲ್ಲ.

"ಅತ್ತೆ, ನಿಮ್ಮ ಮನೆಗೆ ಜನ ಬರಲ್ಲ ಅಂದ್ರೆ ಜನ ಇರೋ ಮನೆಗೆ ನೀವು ಹೋಗಬೇಕು. ಈಗ ಬರೆಯೋರೆಲ್ಲ ಮಾಡೋದು ಅದೇ. ಬೇರೆಯವರ ಬ್ಲಾಗಿಗೆ ಅತಿಥಿಯಾಗಿ ಒಂದು ಲೇಖನ ಬರೆದುಕೊಡೋದು. ಅವರಿಗೆ ಒಂದು ದಿನದ ಬರವಣಿಗೆ ಉಳೀತು, ನಿಮಗೆ ಅವರ ಓದುಗರು ಸಿಕ್ಕಿದರು. ಲೇಖನದ ಕೊನೆಯಲ್ಲಿ ನೀವು ಯಾರು, ನಿಮ್ಮ ಪುಸ್ತಕ ಯಾವುದು ಅಂತ ಎರಡು ಸಾಲು. ಇಷ್ಟವಾದವರು ಹುಡುಕ್ಕೊಂಡು ಬರ್ತಾರೆ."

"ಕರೆಯದೆ ಹೋದ್ರೆ ಅತಿಥಿ ಹೇಗಾಗ್ತೀನಿ?"

"ಕರೀರಿ ಅಂತ ನಾನು ಕೇಳ್ತೀನಲ್ಲ!"

ಕೇಳಿದಳು. ಸಿಕ್ಕ ಸಿಕ್ಕ ಬ್ಲಾಗಿಗೆಲ್ಲ ಬರೆದಳು. ಫೋನುಗಳ ಗುಣದೋಷ ಹೇಳುವವನಿಗೂ ಬರೆದಳು, ಬೆಟ್ಟ ಹತ್ತುವವರ ಬ್ಲಾಗಿಗೂ ಬರೆದಳು. ಹೆಚ್ಚಿನವರು ಉಸಿರೆತ್ತಲಿಲ್ಲ. ಫೋನಿನವನು ಮಾತ್ರ, 'ನಿಮ್ಮ ಅತ್ತೆಯವರ ಹೊಲಿಗೆಗೂ ನಮಗೂ ಏನು ಸಂಬಂಧ?' ಎಂದು ಮರ್ಯಾದೆಯಿಂದಲೇ ಕೇಳಿದ.

"ನ್ಯಾಯವಾದ ಪ್ರಶ್ನೆ ಕಣೇ," ಎಂದೆ. "ಬಟ್ಟೆ ಯಾರಿಗೆ ಅಂತ ನೋಡದೆ ಕತ್ತರಿ ಹಾಕಿದ ಹಾಗಾಯ್ತು. ಬಟ್ಟೆ ಹಾಳುಬಿಡೋಕೆ ಮನಸ್ಸಿಲ್ಲದವರು ಎಲ್ಲಿ ಸೇರ್ತಾರೆ, ಅದನ್ನ ಹುಡುಕು."

ಹಾಗೆ ಹುಡುಕಿದಾಗ ಸಿಕ್ಕಿದ್ದು 'ಗುಂಡಿ ಡಬ್ಬಿ'. ಮನೆಯ ಸಾಮಾನುಗಳನ್ನು ಬಿಸಾಡದೆ ಬಾಳಿಸುವುದು ಹೇಗೆಂದು ಹೇಳುವ ಬ್ಲಾಗು ಅದು. ಬರೆಯುವವರು ಕೆಲಸದಿಂದ ನಿವೃತ್ತರಾದ ಒಬ್ಬ ನರ್ಸು. ನಾವು ಮನೆಯಲ್ಲಿ ಅವರಿಗೆ ಗುಂಡಿಯಮ್ಮ ಎಂದು ಹೆಸರಿಟ್ಟೆವು. ಅವರಿಗೆ ಓದುಗರು ಸಾವಿರಗಟ್ಟಲೆ. ಸೊಸೆಯ ಕೋರಿಕೆಗೆ ಒಂದೇ ಸಾಲಿನಲ್ಲಿ ಉತ್ತರ ಬಂತು: 'ಮೊದಲು ಪುಸ್ತಕ ಕಳಿಸಿ.' ಕಳಿಸಿದೆವು. ಆಮೇಲೆ ಇನ್ನೊಂದು ಬಂತು: 'ಬರಲಿ. ಬೇರೆಲ್ಲೂ ಬಂದಿರಬಾರದು. ಲೇಖನದೊಳಗೆ ಜಾಹೀರಾತು ಬೇಡ. ಕೊನೆಯಲ್ಲಿ ಎರಡು ಸಾಲು ನಿಮ್ಮದು.'

ನನ್ನ ಕೆಲಸದ ರೀತಿ ಎಲ್ಲರಿಗೂ ಗೊತ್ತು, ಅಳತೆ ತೆಗೆಯದೆ ದಾರ ಮುಟ್ಟುವುದಿಲ್ಲ. ಗುಂಡಿಯಮ್ಮ ಬರೆದದ್ದನ್ನೆಲ್ಲ ಓದಿದೆ. ಸೊಸೆಯ ಕಂಪ್ಯೂಟರಿನ ಮುಂದೆ ಕೂತು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ. ಅವರದು ವಾರ್ಡಿನ ಭಾಷೆ. 'ಜೇಬು ತೂತಾಗಿದೆಯೇ? ಇವತ್ತೇ ಹೊಲಿಯಿರಿ. ನಾಳೆ ಬೀಗದ ಕೈ ಬೀಳುತ್ತದೆ. ಆಮೇಲೆ ಅತ್ತರೆ ನನಗೆ ಹೇಳಬೇಡಿ.' ಗಿಡ್ಡ ವಾಕ್ಯ. ಎಲ್ಲಿ ಗದರುತ್ತಾರೆ, ಎಲ್ಲಿ ನಗಿಸುತ್ತಾರೆ, ಎಲ್ಲಿ ಪ್ರಶ್ನೆ ಎಸೆದು ಸುಮ್ಮನಾಗುತ್ತಾರೆ, ಎಲ್ಲವನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ಸವೆದ ಮೊಣಕೈಗೆ ತೇಪೆ ಹಾಕುವುದರ ಬಗ್ಗೆ ಕೂತು ಬರೆದೆ.

ಸೊಸೆ ಟೈಪ್ ಮಾಡುತ್ತಾ ಮಾಡುತ್ತಾ ಕೈ ನಿಲ್ಲಿಸಿ, "ಅತ್ತೆ, ಇದು ನಿಜವಾಗ್ಲೂ ನೀವೇ ಬರೆದದ್ದಾ?" ಎಂದು ಕೇಳಿದಳು. ನಾನದನ್ನು ಹೊಗಳಿಕೆ ಎಂದುಕೊಂಡೆ. ಕೊನೆಯ ಎರಡು ಸಾಲಿಗೆ ಹೆಚ್ಚು ಯೋಚನೆ ಮಾಡಲಿಲ್ಲ. ಕಂಡವರ ಮನೆಗೆ ಹೋಗಿ ನಮ್ಮ ಬಡಾಯಿ ನಾವೇ ಕೊಚ್ಚಿಕೊಳ್ಳುವುದು ಚೆಂದವಲ್ಲವಲ್ಲ. 'ಬರೆದವರು: ಒಬ್ಬ ಹೊಲಿಗೆಯಾಕೆ. ಪುಸ್ತಕವೂ ಇದೆ' ಎಂದಷ್ಟೇ ಬರೆಸಿದೆ.

ಲೇಖನ ಬಂದ ದಿನ ಸೊಸೆ ಕ್ಲಿನಿಕ್ಕಿನಿಂದ ಓಡಿಬಂದಳು. ಲೇಖನದ ಕೆಳಗೆ ಓದುಗರ ಮಾತುಗಳು ಸಾಲುಸಾಲಾಗಿ ಬಂದಿದ್ದವು. 'ಇವತ್ತಿನ ಬೈಗುಳ ಬಹಳ ಜೋರು, ಗುಂಡಿ ಡಬ್ಬಿಯವರೇ!' 'ನಿಮ್ಮಿಂದ ಬೈಸಿಕೊಂಡು ಎದ್ದು ಸೂಜಿ ಹುಡುಕಿದೆ.' 'ಇತ್ತೀಚೆಗೆ ನೀವು ಬರೆದದ್ದರಲ್ಲೆಲ್ಲ ಇದೇ ಚೆಂದ.' ಎಲ್ಲವೂ ಗುಂಡಿಯಮ್ಮನಿಗೆ. ಕೊನೆಯ ಸಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ವಾರ ಬಿಟ್ಟು ಪ್ರಕಾಶಕರಿಗೆ ಫೋನ್ ಮಾಡಿದೆವು. "ಒಬ್ಬರು ಬಂದಿದ್ದರು ಅಮ್ಮಾ," ಎಂದರು. ನಾನು ಫೋನಿನ ಹತ್ತಿರಕ್ಕೆ ಬಾಗಿದೆ. "ಭೂಪಟ ಇದೆಯಾ ಅಂತ ಕೇಳಿ ಹೋದರು."

ಸೊಸೆ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಅವರ ಅಳತೆಗೆ ಎಷ್ಟು ಚೆನ್ನಾಗಿ ಹೊಲಿದುಬಿಟ್ಟಿದ್ದೀರಿ ನೋಡಿ! ನೀವು ಅಂತ ಒಬ್ಬರಿಗೂ ಗೊತ್ತಾಗಿಲ್ಲ."

"ಕೈ ಹಾಕಿದ ಗುರುತು ಕಾಣಬಾರದು. ಅದೇ ತಾನೇ ನನ್ನ ಕಸುಬು?" ಎಂದೆ. ಸುಳ್ಳೇಕೆ, ಒಳಗೊಳಗೇ ಒಂಚೂರು ಹೆಮ್ಮೆಯೂ ಇತ್ತು.

"ಗುರುತು ಕಾಣಲಿ ಅಂತಾನೇ ಅಲ್ವಾ ಅತ್ತೆ ನಾವು ಅಲ್ಲಿಗೆ ಹೋಗಿದ್ದು?"

ಮಗ ನಡುವೆ ಬಂದು, "ಮಂಚದ ಕೆಳಗೆ..." ಎಂದು ಶುರುಮಾಡಿದ. "ನೀವು ಸುಮ್ಮನಿರಿ!" ಎಂದು ಅವನ ಮೇಲೆ ಹರಿಹಾಯ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿತ್ತು.

ಬೇಸಿಗೆ ಅರ್ಧ ಕಳೆದಿತ್ತು. ಅಷ್ಟರಲ್ಲಿ ಒಂದು ದಿನ ಗುಂಡಿಯಮ್ಮನದೇ ಫೋನು ಬಂತು. ನಾನು ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದೆ.

"ಹೊಲಿಗೆಯಾಕೆ ನೀವೇನಾ?" ದನಿ ಅವರ ಬರಹದಷ್ಟೇ ಗಿಡ್ಡ. "ನಮ್ಮಕ್ಕ ಫೋನ್ ಮಾಡಿ, ನಿನಗೆ ಯಾವಾಗಿಂದ ತೇಪೆ ಹಾಕೋಕೆ ಬಂತು ಅಂತ ಕೇಳಿದಳು. ನನಗೆ ಸೂಜಿಗೆ ದಾರ ಪೋಣಿಸೋದೇ ಕಷ್ಟ. ಆಮೇಲೆ ಇನ್ನೊಂದು ಸಲ ಓದಿದೆ. ಏನ್ರೀ ಅದು? ನಾನೇ ಬರೆದದ್ದು ಅನ್ನೋ ಭ್ರಮೆಯಲ್ಲಿ ಒಂದಕ್ಷರ ತಿದ್ದದೆ ಹಾಕಿಬಿಟ್ಟಿದ್ದೀನಿ!"

"ನಿಮ್ಮ ಮನೆಗೆ ಹೊಂದಲಿ ಅಂತ..."

"ನಿಮ್ಮ ಪುಸ್ತಕ ಓದಿ ನಿಮ್ಮನ್ನ ಕರೆದೆ. ನನ್ನ ಬಟ್ಟೆ ಹಾಕ್ಕೊಂಡು ನನ್ನ ಬಾಗಿಲಿಗೇ ಬಂದ್ರೆ ನಾನು ಯಾರನ್ನ ಮಾತಾಡಿಸಲಿ? ಇನ್ನೊಂದು ಬರೀರಿ. ಈ ಸಲ ನಿಮ್ಮ ಬಟ್ಟೆಯಲ್ಲಿ ಬನ್ನಿ."

"ನಾನು ಸ್ವಲ್ಪ ನಿಧಾನ. ನಿಮ್ಮ ಓದುಗರಿಗೆ ಗಡಿಬಿಡಿ."

"ಅವರು ಓದೋರು, ರೈಲು ಹಿಡಿಯೋರಲ್ಲ," ಎಂದು ಫೋನ್ ಇಟ್ಟುಬಿಟ್ಟರು.

ಎರಡನೆಯದು ಬರೆಯುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಬೇರೆಯವರ ಮೈ ಅಳೆಯುವವಳಿಗೆ ತನ್ನ ಮೈಗೆ ಟೇಪು ಹಿಡಿಯಲು ಬರುವುದಿಲ್ಲ. ಕೈ ತಾನಾಗಿ ಗದರುವ ವಾಕ್ಯ ಬರೆಯುತ್ತಿತ್ತು. ಸೊಸೆ ಓದಿ, "ಇದು ಗುಂಡಿಯಮ್ಮ, ಇದು ಗುಂಡಿಯಮ್ಮ," ಎನ್ನುತ್ತಾ ಬಿಚ್ಚಿಸುತ್ತಿದ್ದಳು. ಕೊನೆಗೆ ನಾನು ಅಂಚೆ ಹಂಚುವ ಒಬ್ಬಾಕೆಯ ಬಗ್ಗೆ ಬರೆದೆ. ಆಕೆಯ ಉಣ್ಣೆಯ ಸಮವಸ್ತ್ರದ ಸ್ಕರ್ಟನ್ನು ನಾನು ಎಷ್ಟೋ ಸಲ ಸಡಿಲಿಸಿದ್ದೆ, ಎಷ್ಟೋ ಸಲ ಬಿಗಿ ಮಾಡಿದ್ದೆ. ಒಂದೊಂದು ಸಲ ಬಿಚ್ಚಿದಾಗಲೂ ಹಳೆಯ ಹೊಲಿಗೆಯ ಜಾಗದಲ್ಲಿ ಸಣ್ಣ ತೂತುಗಳ ಒಂದು ಗೆರೆ ಉಳಿಯುತ್ತದೆ. ಉಣ್ಣೆಯಾದರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ ಉಗುರಿನಿಂದ ಸವರಿದರೆ ತೂತು ಮುಚ್ಚಿಕೊಳ್ಳುತ್ತದೆ. ಹಾಗೆ ಮಾಡಿಕೊಡಲೇ ಎಂದು ಕೇಳಿದಾಗ ಆಕೆ ಗೆರೆಗಳ ಮೇಲೆ ಬೆರಳಾಡಿಸಿ, "ಇರಲಿ ಬಿಡಿ. ಇದು ದೊಡ್ಡವನ ಗೆರೆ, ಇದು ಚಿಕ್ಕವಳದು. ಇದು ಮಾತ್ರ ಬರೀ ತಿಂದದ್ದು," ಎಂದು ನಕ್ಕಿದ್ದಳು. ಅದನ್ನೇ, ನಾನು ಮಾತಾಡುವಷ್ಟೇ ನಿಧಾನವಾಗಿ ಬರೆದೆ. ತೂತು ಮುಚ್ಚುವ ವಿಧಾನವನ್ನೂ ಸೇರಿಸಿದೆ. ಓದಿದವರು ಬರಿಗೈಲಿ ಹೋಗಬಾರದು.

ಕೊನೆಯ ಎರಡು ಸಾಲಿಗೆ ಸೊಸೆಗೂ ನನಗೂ ಜಗಳವೇ ಆಯಿತು. ಅವಳು 'ಅದ್ಭುತ' ಎಂಬ ಮಾತು ಹಾಕಿದಳು. ನಾನು ತೆಗೆಸಿದೆ. 'ಮನಮಿಡಿಯುವ' ಎಂದು ಹಾಕಿದಳು. ಅದನ್ನೂ ತೆಗೆಸಿದೆ. ಉಳಿದದ್ದು ಇಷ್ಟು: 'ನಾನು ಬಟ್ಟೆ ಸಡಿಲ-ಬಿಗಿ ಮಾಡುವವಳು. ಇಂಥ ಇನ್ನಷ್ಟು ಬಟ್ಟೆಗಳ ಕತೆ ಅದೇ ಹೆಸರಿನ ನನ್ನ ಪುಸ್ತಕದಲ್ಲಿದೆ. ಬೇಕಾದವರು ಈ ವಿಳಾಸಕ್ಕೆ ಬರೆದು ಕೇಳಿದರೆ ಮನೆಗೆ ಬರುತ್ತದೆ.'

ಮೊದಲ ದಿನ ಕೆಳಗೆ ಬಂದದ್ದು ಎರಡು ಮೂರು ಮಾತು. ಸೊಸೆಯ ಮುಖ ಇಷ್ಟುದ್ದವಾಯಿತು. "ಇರು, ಓದುವವರೂ ನಿಧಾನವಾಗಿ ಓದ್ತಿದ್ದಾರೆ," ಎಂದೆ. ಮಾರನೆಯ ದಿನ ಒಬ್ಬಾಕೆ ತನ್ನ ತಂದೆಯ ಅಂಗಿಯ ಕಾಲರ್ ತಿರುಗಿಸಿ ಹೊಲಿಸಿದ ಕತೆ ಬರೆದಳು. ಅದರ ಹಿಂದೆ ಇನ್ನೊಬ್ಬರು. ಆಮೇಲೆ ಜಿಪ್ಪು ಕೂರದವರು, ಬಟ್ಟೆಯ ಅಂಚು ಸುರುಳಿಕೊಂಡವರು, ಮದುವೆಗೆ ಹೊಲಿಸಿದ ಕೋಟು ಈಗ ಹಿಡಿಸದವರು, ಎಲ್ಲರೂ ಬಂದರು. 'ಅಮ್ಮಾ' ಎಂದೇ ಕೇಳುತ್ತಿದ್ದರು. ಗುಂಡಿಯಮ್ಮ ಆಚೆಯಿಂದ, 'ಅತಿಥಿ ಬಂದ ಕೂಡಲೇ ಚಪ್ಪಲಿ ಮೆಟ್ಟಿ ಓಡಬಾರದು. ಕೂತು ಉತ್ತರಿಸಿ,' ಎಂದು ಬರೆದರು. ನಾನು ಕೂತೆ. ಲೇಖನ ಬರೆಯಲು ಹಿಡಿದ ಹೊತ್ತಿಗಿಂತ ಹೆಚ್ಚು ಹೊತ್ತು ಉತ್ತರ ಬರೆಯಲು ಹಿಡಿಯಿತು. ಆ ಮಾತುಗಳಲ್ಲಿ ನಾನು ಒಂದು ಸಲವೂ ಪುಸ್ತಕದ ಹೆಸರೆತ್ತಲಿಲ್ಲ. ಎತ್ತುವ ಅಗತ್ಯ ಬರಲಿಲ್ಲ. ಅವರೇ ಒಬ್ಬರಿಗೊಬ್ಬರು, 'ಕೊನೆಯ ಸಾಲು ನೋಡಿದಿರಾ?' ಎನ್ನುತ್ತಿದ್ದರು.

ಹಳೆಯ ಕುರ್ಚಿ ಮೇಜು ರಿಪೇರಿ ಮಾಡುವ ಬಡಗಿಯೊಬ್ಬ ತನ್ನ ಬ್ಲಾಗಿಗೂ ಕರೆದ. ಈ ಸಲ ಅವನ ಬರಹ ಒಂದೆರಡೇ ಓದಿದೆ, ಎಲ್ಲಿ ಕೂರಬೇಕು ಎಂದು ತಿಳಿಯುವಷ್ಟು.

ಪ್ರಕಾಶಕರ ಫೋನು ಬಂದಾಗ ಸೊಸೆ ಅದನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು. "ಏನಮ್ಮಾ ಮಾಡಿದಿರಿ? ದಿನಾ ಯಾರಾದರೂ ಕೇಳ್ತಾರೆ. ಕಟ್ಟು ಬಿಚ್ಚಿದ್ದೀನಿ. ನೂಲು ಕತ್ತರಿಸೋಕೆ ಕತ್ತರಿ ಹುಡುಕಿದರೆ ನಮ್ಮಲ್ಲಿ ಕತ್ತರಿಯೇ ಇಲ್ಲ!"

"ನಮ್ಮತ್ತೆ ಕೊಡ್ತಾರೆ ಬಿಡಿ, ಕತ್ತರಿಗೆ ಬರ ಇಲ್ಲ," ಎಂದಳು ಸೊಸೆ. ಆ ದಿನವೆಲ್ಲ ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಗೋದಾಮು ಖಾಲಿ ಮಾಡುವ ದಿನ ಬಂತು. ನಾವು ಮೂವರೂ ಕೈಜೋಡಿಸಲು ಹೋದೆವು. ರದ್ದಿಯವನ ಗಾಡಿ ಬಾಗಿಲಿಗೇ ನಿಂತಿತ್ತು. ಒಳ್ಳೊಳ್ಳೆಯ ಪುಸ್ತಕಗಳೂ ಅದರೊಳಗೆ ಹೋದವು. ಅವನ್ನು ಬರೆದವರಿಗೆ ನನ್ನ ಸೊಸೆಯಂಥ ಸೊಸೆ ಇರಲಿಲ್ಲವೇನೋ. ರದ್ದಿಯವನು ನನ್ನ ಪುಸ್ತಕದ ಸಾಲಿಗೆ ಕೈ ಹಾಕಿದಾಗ ಪ್ರಕಾಶಕರು, "ಅದನ್ನ ಮುಟ್ಟಬೇಡಪ್ಪಾ, ಅದು ನಮ್ಮ ಜೊತೆ ಬರುತ್ತೆ," ಎಂದರು.

ಎಲ್ಲವೂ ಮಾರಾಟವಾಯಿತು ಎಂದಲ್ಲ. ಗೋಡೆಯುದ್ದಕ್ಕೂ ಇದ್ದದ್ದು ಒಂದು ಮೂಲೆಗೆ ಇಳಿದಿತ್ತು, ಅಷ್ಟೆ. ಮಗ ಹೊತ್ತ, ಸೊಸೆ ಹೊತ್ತಳು. ನನ್ನ ಮಂಡಿ ಒಪ್ಪಲಿಲ್ಲವಾದ್ದರಿಂದ ಖಾಲಿ ಕೋಣೆಯಲ್ಲಿ ಸಿಕ್ಕಿದ್ದರ ಮೇಲೆ ಕೂತು, ಅವರು ಹೋಗಿ ಬರುವುದನ್ನು ನೋಡುತ್ತಿದ್ದೆ. ಹಾಯಾಗಿತ್ತು.

ಪ್ರಕಾಶಕರು ವಿಳಾಸ ಬರೆದ ಚೀಟಿಗಳನ್ನು ಹಿಡಿದುಕೊಂಡು ಒಳಗೆ ಬಂದು, ಆ ಕಡೆ ಈ ಕಡೆ ನೋಡಿ, ನನ್ನ ಮುಂದೆ ಬಂದು ನಿಂತರು.

"ಏಳಿ ಅಮ್ಮಾ," ಎಂದರು. "ನೀವು ಕೂತಿರೋ ಕಟ್ಟನ್ನೂ ಕೇಳಿದ್ದಾರೆ."

ಮಗನ ಕೈ ಹಿಡಿದುಕೊಂಡು ಎದ್ದೆ.