ಬಾತ್ಮಾ ಅಕ್ಕ ತಂದ ಕಾಡುಮಣ್ಣು

ನಮ್ಮ ಹೊಸ ಯಜಮಾನ ಉರ್ಮತ್‌ನ ಬಾಯಿಗೆ ಬೀಗವೇ ಇಲ್ಲ. ಕರಕೋಲ್ ಊರಿನ ಮೇಲಿನ ಗುಡ್ಡದಲ್ಲಿರೋ ಈ ಸ್ಪ್ರೂಸ್ ಮರದ ಸಸಿಗಳ ನರ್ಸರಿ ಕೊಂಡ ಮಾರನೇ ದಿನವೇ ಗೋಡೆಗೊಂದು ಚಿತ್ರ ಅಂಟಿಸಿದ: ಮರದ ಬೇರು, ಅದಕ್ಕೆ ಸುತ್ತಿಕೊಂಡ ಬಿಳಿ ಬೂಷ್ಟು. ನಮ್ಮ ಏಳು ಹೆಂಗಸರನ್ನೂ ನಿಲ್ಲಿಸಿಕೊಂಡು ಭಾಷಣ ಬೇರೆ.

"ಬೇರು ಬೂಷ್ಟಿಗೆ ಸಕ್ಕರೆ ಕೊಡುತ್ತೆ, ಬೂಷ್ಟು ಬೇರಿಗೆ ನೀರು ತಂದ್ಕೊಡುತ್ತೆ. ವ್ಯಾಪಾರ ಅಂದ್ರೆ ಹೀಗಿರ್ಬೇಕು. ಇನ್ಮೇಲೆ ನಾವೂ ಹೀಗೇ!"

ಅದೇ ವಾರ ನಮ್ಮ ಏಳು ಜನರಲ್ಲಿ ಹಿರಿಯಳಾದ ಬಾತ್ಮಾ ಅಕ್ಕನನ್ನು ಕೆಲಸದಿಂದ ತೆಗೆದ.

ಮೂವತ್ತು ವರ್ಷ ಕತ್ತೆ ಹೊಡೆದುಕೊಂಡು ಮೇಲಿನ ಕಾಡಿಗೆ ಹೋಗಿ, ಹಳೇ ಮರಗಳ ಬುಡದ ಮಣ್ಣು ತಂದು ಮಡಿಗಳಿಗೆ ಬೆರೆಸಿದವಳು ಅವಳು. ಇವನ ಚಿತ್ರದಲ್ಲಿದ್ದ ಬೂಷ್ಟು ನಮ್ಮ ಸಸಿಗಳಿಗೆ ಬರುತ್ತಿದ್ದದ್ದೇ ಆ ಮಣ್ಣಿನಿಂದ.

"ಮಣ್ಣು ಹೊರೋದೂ ಒಂದು ಕೆಲಸಾನಾ, ಸೈರಾ ಅಕ್ಕ? ಬಿಷ್ಕೆಕ್‌ನಿಂದ ಶುದ್ಧ ಮಣ್ಣು ತರಿಸಿದೀನಿ. ಬೇಯಿಸಿದ್ದು, ಒಂದು ಹುಳ ಇಲ್ಲ ನೋಡಿ," ಅಂದ.

"ಉಪ್ಪು ಹಾಕಿ ಬೇಯಿಸಿದಾರೇನಪ್ಪಾ?" ಅಂದೆ. ಹೆಂಗಸರೆಲ್ಲ ನಕ್ಕರು.

ಆಗಸ್ಟ್ ಹೊತ್ತಿಗೆ ಎಳೇ ಸಸಿಗಳು ಹಳದಿಯಾಗಿ, ಬೆಳೆಯದೆ ನಿಂತುಬಿಟ್ಟವು. ಗೊಬ್ಬರ ಸುರಿದ, ಔಷಧಿ ಹೊಡೆದ. ಏನೂ ಆಗಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದ.

"ಬಾತ್ಮಾ ಅಕ್ಕನ್ನ ನೀವೇ ಕೇಳಿ. ಎರಡು ಮೂಟೆ ಮಣ್ಣು ಸಾಕು."

"ಮೊದ್ಲು ಅವಳ ಹೆಸರು ಹಾಜರಿ ಪುಸ್ತಕಕ್ಕೆ ಬರ್ಲಿ."

"ಮಣ್ಣು ಬರ್ಲಿ, ಆಮೇಲೆ ನೋಡೋಣ."

ನಾನು ಹೋಗಲಿಲ್ಲ. ಆದರೆ ಸುದ್ದಿ ಹೇಗೋ ಅವಳ ಕಿವಿಗೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಕತ್ತೆಯ ಮೇಲೆ ಎರಡು ಮೂಟೆ ಹೇರಿಕೊಂಡು ಬಂದಳು. ಒಂದನ್ನು ಬಿಚ್ಚಿ, ಸಸಿಗಳ ಬುಡಕ್ಕೆ ಮಣ್ಣು ಸೇರಿಸತೊಡಗಿದಳು. ಉರ್ಮತ್ ಓಡಿ ಬಂದು ಫೋನ್ ಎತ್ತಿ ಫೋಟೋ ತೆಗೆಯಲು ನಿಂತ.

"ನೋಡಿ, ನಾನು ಹೇಳಿದ್ದು ಇದನ್ನೇ! ಕೇಳದೇ ಕೊಡೋದು. ಬೂಷ್ಟಿನ ಗುಣ ಅಂದ್ರೆ ಇದು!"

ನಾನು ಫೋನಿಗೆ ಅಡ್ಡ ನಿಂತೆ. "ಬಾಯಿ ಮುಚ್ಚೋ! ಬೂಷ್ಟು ಕೊಡೋದು ಮಾತ್ರ ಕಾಣುತ್ತೇನೋ ನಿಂಗೆ? ಬೇರು ಸಕ್ಕರೆ ಕೊಡುತ್ತೆ ಅಂದ್ಯಲ್ಲ, ಎಲ್ಲೋ ಸಕ್ಕರೆ? ಪುಸ್ತಕದಲ್ಲಿ ಅವಳ ಹೆಸರು ಬರಿ, ಈಗ್ಲೇ! ಇಲ್ಲಾಂದ್ರೆ ನಾವು ಆರೂ ಜನ ಗೇಟಿಂದಾಚೆ!"

ಉಳಿದ ಐವರೂ ಸಲಿಕೆ ಕೆಳಗಿಟ್ಟರು. ಇಂಗು ತಿಂದ ಮಂಗನಂತಾದ ಅವನು ಹಾಜರಿ ಪುಸ್ತಕ ತಂದು ಹೆಸರು ಗೀಚಿದ. ಗೆದ್ದೆ ಅಂದುಕೊಂಡೆ.

ಬಾತ್ಮಾ ಅಕ್ಕ ಕೈ ಕೊಡವಿಕೊಂಡು ಎದ್ದಳು. "ಆ ಹೆಸರನ್ನ ಹೊಡೆದು ಹಾಕು. ಪಾಪ, ಸಸಿಗಳೇನು ತಪ್ಪು ಮಾಡಿದ್ವು ಅಂತ ಒಂದು ಮೂಟೆ ತಂದೆ. ಇನ್ನೊಂದು ಕೆಳಗಿರೋ ಬೇರೆಯವರ ನರ್ಸರಿಗೆ. ಸೋಮವಾರದಿಂದ ಅಲ್ಲೇ ನನ್ನ ಕೆಲಸ." ನನ್ನ ಕಡೆ ತಿರುಗಿದಳು. "ಅಲ್ಲಿ ಇನ್ನೊಬ್ಬಳು ಬೇಕಂತೆ. ಬರ್ತೀಯೇನೇ?"

ಆ ಹಳದಿ ಸಸಿಗಳನ್ನು ನೋಡಿದೆ. ಒಂದೊಂದು ಬೀಜವನ್ನೂ ನಾನೇ ಊರಿದ್ದು.

"ನಾನು ಬಂದ್ರೆ ಈ ಸಸಿಗಳನ್ನ ಯಾರಕ್ಕ ನೋಡ್ಕೋತಾರೆ?"

"ನೀನು ಇವುಗಳನ್ನ ಬಿಟ್ಟು ಬರಲ್ಲ ಅಂತ, ಅವನು ನಂಬಿಕೊಂಡಿರೋದು ಅದನ್ನೇ ಕಣೇ," ಅಂದಳು.

ನಾನು ಉರ್ಮತ್‌ನ ಕೈಯಿಂದ ಪುಸ್ತಕ ಕಿತ್ತುಕೊಂಡು ನನ್ನ ಹೆಸರನ್ನೇ ಹೊಡೆದು ಹಾಕಿದೆ.