ಎಡಗೈಯ ಹೆಂಗಸು

"ಇದನ್ನ ಯಾಕೆ ಸರ್ ಬಚ್ಚಿಟ್ಟಿದ್ರಿ?" ಎಂದು ಭಾನುಪ್ರಿಯಾ ಟ್ರಂಕಿನ ತಳದಿಂದ ಹಾಳೆಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಗುಲಾಮ್ ರಸೂಲ್ ಕನ್ನಡಕಕ್ಕಾಗಿ ಮೇಜೆಲ್ಲ ತಡಕಾಡಿದರು. ಅದು ಅವರ ಹಣೆಯ ಮೇಲೇ ಇತ್ತು. ಇಳಿಸಿಕೊಂಡು ನೋಡಿದರೆ ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ, ಕಪ್ಪು ಬಿಳುಪಿನ ಒಂದು ಉಡ್‌ಕಟ್. ಕಾಲು ಚಾಚಿ ಕೂತ ಹೆಂಗಸೊಬ್ಬಳು ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ತಟ್ಟಿ ತಟ್ಟಿ ಬಿಡಿಸುತ್ತಿದ್ದಳು. ಮಚ್ಚು ಹಿಡಿದ ಕೈಯನ್ನು ನೋಡುತ್ತಿದ್ದರೆ ಸದ್ದೂ ಕೇಳಿಸುತ್ತದೇನೋ ಅನ್ನಿಸುವಂತಿತ್ತು. ಆದರೆ ಇದನ್ನು ತಾವು ಮಾಡಿದ ನೆನಪು ಅವರಿಗೆ ಸುತರಾಂ ಇರಲಿಲ್ಲ.

ಭಾನುಪ್ರಿಯಾ ಅವರ ಹಳೆಯ ವಿದ್ಯಾರ್ಥಿನಿ. ಅವರು ಮೂವತ್ತು ವರ್ಷ ಪಾಠ ಮಾಡಿದ ವಿಶ್ವವಿದ್ಯಾಲಯದ ಕಲಾ ವಿಭಾಗಕ್ಕೆ ಈಗ ಅವಳೇ ಮುಖ್ಯಸ್ಥೆ. ಗುರುಗಳದೊಂದು ಪ್ರದರ್ಶನ ಮಾಡಬೇಕೆಂದು ಚಿತ್ರಗಳನ್ನು ಆರಿಸಲು ತಿಪಟೂರಿನ ಅವರ ಮನೆಗೆ ಬಂದಿದ್ದಳು. ಬೆಳಗಿನಿಂದ ಒಂದೊಂದು ಚಿತ್ರಕ್ಕೂ "ಚೆನ್ನಾಗಿದೆ ಸರ್" ಅನ್ನುತ್ತಲೇ ಇದ್ದಳು. ಮದುವೆ ಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದವರಿಗೆ ಜನ ಹೇಳುತ್ತಾರಲ್ಲ, ಹಾಗೆ. ಈ ಹಾಳೆಗೆ ಮಾತ್ರ, ಆ ಒಂದು ಪ್ರಶ್ನೆ ಬಿಟ್ಟರೆ, ಏನೂ ಹೇಳದೆ ಸುಮ್ಮನಾಗಿಬಿಟ್ಟಳು. ಆ ಮೌನದ ಬೆಲೆ ರಸೂಲರಿಗೆ ಗೊತ್ತಿತ್ತು.

"ಪೋಸ್ಟರಿಗೆ ಇದೇ ಸರ್. ಸೈನ್ ಒಂದು ಹಾಕಿಲ್ಲ ನೀವು. ಹಾಕಿಟ್ಟಿರಿ, ಶುಕ್ರವಾರ ಗಾಡಿ ಕಳಿಸ್ತೀನಿ" ಎಂದು ಹೇಳಿ ಅವಳು ಹೊರಟಳು.

ಪ್ರಿಂಟಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಯುವುದು ರೂಢಿ. ರಸೂಲ್ ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು. ಮತ್ತೊಮ್ಮೆ ಚೂಪು ಮಾಡಿದರು. ಹೆಂಡತಿ ಹಬೀಬುನ್ನೀಸಾ ಚಹಾ ತಂದಿಟ್ಟು, "ಒಂದು ಹೆಸರು ಬರಿಯೋಕೆ ಇಷ್ಟು ಹೊತ್ತಾ ರೀ?" ಅಂದರು.

"ಇದು ನಂದೋ ಅಲ್ವೋ ಗೊತ್ತಾಗ್ತಿಲ್ಲ."

"ನಿಮ್ಮ ಪೆಟ್ಟಿಗೇಲಿತ್ತು, ನಿಮ್ದೇ."

"ನನ್ನ ಪೆಟ್ಟಿಗೇಲಿ ಯಾರ್ಯಾರ್ದೋ ಇದೆ."

ಅದು ನಿಜ. ಹುಡುಗರು ಬಿಟ್ಟುಹೋದದ್ದನ್ನೆಲ್ಲ ಎಸೆಯಲಾರದೆ ಮನೆಗೆ ಹೊತ್ತು ತಂದವರು ಅವರು. ಚಿತ್ರವನ್ನು ಮತ್ತೆ ಹತ್ತಿರ ಹಿಡಿದರು. ಸೀರೆಯ ನೆರಿಗೆ ತಮ್ಮದೇ ಉಳಿಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ಮಟ್ಟೆಯ ರಾಶಿಯೂ ತಮ್ಮದೇ. ಆದರೆ ಆ ಕೈ? ಅಷ್ಟು ಒರಟಾಗಿ, ಅಷ್ಟು ಧೈರ್ಯವಾಗಿ ತಾವು ಎಂದಾದರೂ ಕೆತ್ತಿದ್ದುಂಟೇ? ಆಮೇಲೆ ಕಣ್ಣಿಗೆ ಬಿತ್ತು, ಅದು ಎಡಗೈ.

ಹಲಗೆಯ ಮೇಲೆ ಕೆತ್ತಿದ್ದು ಕಾಗದದ ಮೇಲೆ ಅದಲುಬದಲಾಗಿ ಬರುತ್ತದೆ. ಬಲ ಎಡವಾಗುತ್ತದೆ, ಎಡ ಬಲವಾಗುತ್ತದೆ. ಹಾಗಾಗಿ ತಿರುಗಿಸಿ ಬರೆಯಬೇಕೆಂದು ಪ್ರತಿ ವರ್ಷ ಮೊದಲ ದಿನವೇ ಹೇಳುತ್ತಿದ್ದರು, ಪ್ರತಿ ವರ್ಷ ಮಕ್ಕಳು ಮರೆಯುತ್ತಿದ್ದರು. "ಏನ್ರಪ್ಪಾ, ನಿಮ್ಮೂರಲ್ಲಿ ಎಲ್ಲರೂ ಎಡಚರೇನು?" ಎಂದು ಆಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ಒಂದು ವರ್ಷ ಬಿಳಿಗೆರೆಯ ಹುಡುಗನೊಬ್ಬ ಎದ್ದು ನಿಂತು, "ನಮ್ಮವ್ವ ಎಡಗೈನೋಳೇ ಸಾ" ಅಂದಿದ್ದ. ತರಗತಿಯೆಲ್ಲ ನಕ್ಕಿತ್ತು. ತಿಮ್ಮರಾಜು ಅವನ ಹೆಸರು. ಎರಡನೇ ವರ್ಷದಲ್ಲಿ ಅಪ್ಪ ತೀರಿಕೊಂಡು, ಓದು ಬಿಟ್ಟು ತೋಟ ಸೇರಿದ್ದ.

ಹಾಗಾದರೆ ಇದು ಅವನದೇ? ಅಥವಾ ತಾವೇ ಯಾವುದೋ ಅವಸರದಲ್ಲಿ ತಿರುಗಿಸುವುದನ್ನು ಮರೆತು, ಮಕ್ಕಳನ್ನು ಆಡಿಕೊಂಡ ತಪ್ಪನ್ನೇ ಮಾಡಿದ್ದರೇ? ತಪ್ಪು ತಮ್ಮದಾಗಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿರುವುದು ಗೊತ್ತಾಗಿ ಅವರಿಗೆ ನಾಚಿಕೆಯಾಯಿತು. ಇದು ತಿಮ್ಮರಾಜುವಿನದಾದರೆ, ನೋಡಿದವರು ಮಾತು ಮರೆಯುವಂಥ ಒಂದು ಚಿತ್ರವನ್ನೂ ತಾವು ಬದುಕಿನಲ್ಲಿ ಮಾಡಿರಲಿಲ್ಲ. ಈಗ ಹೆಸರು ಗೀಚಿಬಿಟ್ಟರೆ ಕೇಳುವವರು ಯಾರೂ ಇಲ್ಲ. ಆ ಯೋಚನೆಯೂ ಬಂತು. ಬಂದದ್ದಕ್ಕೆ ಹೆದರಿ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು.

ಮಾರನೆಯ ದಿನ ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು ಬಿಳಿಗೆರೆಯ ಬಸ್ಸು ಹತ್ತಿದರು. ತಿಮ್ಮರಾಜುವಿನ ತಲೆ ನರೆತಿತ್ತು. ಆದರೂ ಮೇಷ್ಟ್ರನ್ನು ದೂರದಿಂದಲೇ ಗುರುತು ಹಿಡಿದು ಜಗುಲಿಗೆ ಚಾಪೆ ಹಾಸಿದ. ರಟ್ಟು ಬಿಚ್ಚುತ್ತಲೇ, "ಅಯ್ಯೋ, ಇದು ಇನ್ನೂ ಐತಾ ಸಾ!" ಎಂದು ನಕ್ಕ.

"ನಿಂದು ತಾನೇ?"

"ನಂದೆಲ್ಲಿ ಸಾ, ನಿಮ್ದಲ್ವಾ."

"ನನಗೆ ನೆನಪೇ ಇಲ್ಲ ಕಣಯ್ಯ."

"ಹಲಗೆ ಮ್ಯಾಲೆ ಬರ್ದಿದ್ದು ನಾನು. ಕೆತ್ತಕ್ಕೆ ಕುಂತ್ರೆ ಉಳಿ ಜಾರ್ತಿತ್ತು. ನೀವ್ ಬಂದು 'ಕೊಡಪ್ಪ ಇಲ್ಲಿ' ಅಂತ ಇಸ್ಕಂಡ್ರಿ. ಆಮೇಲೆ ಊಟಕ್ಕೂ ಏಳ್ನಿಲ್ಲ. ನಾನು ಪಕ್ದಲ್ಲೇ ಕುಂತ್ಕಂಡು ನೋಡ್ತಿದ್ದೆ. ಅಷ್ಟ್ ಚೆಂದಾಗಿ ಕೆತ್ತಾ ಇನ್ನೊಬ್ರುನ್ನ ಕಂಡಿಲ್ಲ ಸಾ ನಾನು."

ಕೊಡಪ್ಪ ಇಲ್ಲಿ. ಈ ಮಾತನ್ನು ಎಷ್ಟು ಮಕ್ಕಳಿಗೆ ಹೇಳಿದ್ದರೋ ಏನೋ. ಅದನ್ನೇ ಪಾಠ ಎಂದುಕೊಂಡಿದ್ದರು. ಹಾಗೆ ಇಸಕೊಂಡ ಒಂದು ಹಲಗೆಯೂ ಈಗ ನೆನಪಿಗೆ ಬರಲಿಲ್ಲ.

"ಹಾಗಾದ್ರೆ ಇದು ನಂದೇ ಅಂತೀಯಾ?" ದನಿಯಲ್ಲಿ ಆಸೆ ಕಾಣಿಸದಂತೆ ಕೇಳಲು ಪ್ರಯತ್ನಿಸಿದರು.

"ನಿಮ್ದೇ ಬುಡಿ ಸಾ. ಕೈ ಒಂದು ನಂದು."

"ಯಾವ ಕೈ?"

"ಮಚ್ಚು ಹಿಡ್ದಿರಾದು. ನೀವ್ ಅಲ್ಲಿಗ್ ಬರಾ ಹೊತ್ಗೆ ನಾನು ಹಲ್ಗೆ ಎಳ್ಕಂಬುಟ್ಟೆ. ಅವ್ವನ ಕೈ ನಾನೇ ಕೆತ್ತೀನಿ ಅಂದೆ. ನೀವು ಸಿಟ್ಟು ಮಾಡ್ಕಂಡು ಎದ್ದೋದ್ರಿ."

ರಸೂಲ್ ಹಾಳೆಯನ್ನು ಮತ್ತೆ ನೋಡಿದರು. ಭಾನುಪ್ರಿಯಾ ನೋಡುತ್ತ ನಿಂತಿದ್ದು ಆ ಕೈಯನ್ನೇ. ನಿನ್ನೆಯಿಂದ ತಾವು ನೋಡುತ್ತಿರುವುದೂ ಅದನ್ನೇ. ಸೀರೆಯನ್ನು, ಮಟ್ಟೆಯನ್ನು ಯಾರು ನೋಡಿದ್ದರು? ಹಾಗೆಂದು ಅವೆರಡೂ ಇಲ್ಲದಿದ್ದರೆ ಆ ಕೈ ನಿಲ್ಲುತ್ತಿತ್ತೇ? ನಿಲ್ಲುತ್ತಿತ್ತು ಅನ್ನಿಸಿತು, ಇಲ್ಲ ಅಂತಲೂ ಅನ್ನಿಸಿತು.

ಮಾತು ಕೇಳಿ ಒಳಗಿನಿಂದ ತಿಮ್ಮರಾಜುವಿನ ತಾಯಿ ಚಿಕ್ಕಗೌರಮ್ಮ ಗೋಡೆ ಹಿಡಿದುಕೊಂಡು ಬಂದರು. ಹಾಳೆಯನ್ನು ದೂರಕ್ಕೆ ಹಿಡಿದು ನೋಡಿ, "ಇದ್ಯಾರ್ಲಾ?" ಅಂದರು.

"ನೀನೇ ಕಣವ್ವ."

"ನಾನೆಲ್ಲಿ ಇಷ್ಟ್ ದಪ್ಪ ಇದ್ದೆ? ಎಡಗೈ ಮಾತ್ರ ಸರ್ಯಾಗ್ ಬಂದೈತೆ." ಆಮೇಲೆ ಇಬ್ಬರನ್ನೂ ಒಂದು ಸಲ ನೋಡಿ, "ಕಾಯಿ ಒಡ್ದೋಳು ನಾನು. ನಂದಲ್ಲ ನಂದಲ್ಲ ಅಂತ ನೀವ್ ಯಾಕ್ ತಳ್ಳಾಡ್ತೀರಿ ಮೇಷ್ಟ್ರೇ?" ಎಂದು ಕೇಳಿ ಅಲ್ಲೇ ಕಂಬಕ್ಕೆ ಒರಗಿ ಕೂತರು.

ರಸೂಲ್ ಜೇಬಿನಿಂದ ಪೆನ್ಸಿಲ್ ತೆಗೆದು ತಿಮ್ಮರಾಜುವಿಗೆ ಕೊಟ್ಟರು. "ಮೊದ್ಲು ನಿನ್ನ ಹೆಸರು ಬರಿ. ಪಕ್ಕದಲ್ಲಿ ನಾನು ಬರೀತೀನಿ."

"ನಂಗ್ಯಾಕೆ ಸಾ ಅದೆಲ್ಲ."

"ಬರಿಯಯ್ಯ."

ತಿಮ್ಮರಾಜು ಟವೆಲಿನಲ್ಲಿ ಕೈ ಒರೆಸಿಕೊಂಡು, ರಟ್ಟನ್ನು ಮಂಡಿಯ ಮೇಲಿಟ್ಟುಕೊಂಡು ಬಗ್ಗಿದ. ಪೆನ್ಸಿಲ್ ಹಾಳೆಗೆ ತಾಗುವ ಮುಂಚೆ ತಲೆಯೆತ್ತಿ, "ಸಾ, ಉಲ್ಟಾ ಬರೀಬೇಕಾ, ನೆಟ್ಟಗಾ?" ಎಂದು ಕೇಳಿದ. ಅವನು ಹೆಸರು ಕೆತ್ತಿದ್ದೆಲ್ಲ ಹಲಗೆಯ ಮೇಲೆ, ಪ್ರಿಂಟಿನ ಅಂಚಿಗೆ ರುಜು ಹಾಕುವಷ್ಟು ದಿನ ಅವನು ಅಲ್ಲಿ ಇರಲೇ ಇಲ್ಲ. ಮೊದಲ ವರ್ಷದವರು ಕೇಳುವ ಪ್ರಶ್ನೆ.

"ನೆಟ್ಟಗೇ ಬರಿ" ಅಂದರು ರಸೂಲ್.

ತಿಮ್ಮರಾಜು ಉಸಿರು ಬಿಗಿಹಿಡಿದು ಬರೆಯತೊಡಗಿದ. 'ತಿ' ಸೊಟ್ಟಗೆ ಬಂತು. ಒತ್ತಿದ ರಭಸಕ್ಕೆ 'ಮ್ಮ' ಹಾಳೆಯನ್ನು ಹರಿಯುವಂತಿತ್ತು. ಗುಲಾಮ್ ರಸೂಲರ ಬಲಗೈ ತಾನಾಗಿ ಪೆನ್ಸಿಲ್ಲಿನ ಕಡೆಗೆ ಹೋಯಿತು. ಅವರು ಅದನ್ನು ಹಿಂದಕ್ಕೆಳೆದು, ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.