ಐದನೇ ನಂಬರಿನ ಮಿಷಿನು

ಪ್ರಭುಸ್ವಾಮಿಗಳ ಕಮರ್ಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪ್‌ರೈಟರುಗಳಿಗೂ ಅಂತಸ್ತು ಇತ್ತು. ಕಿಟಕಿಯ ಪಕ್ಕ, ಗಾಳಿ ಬೆಳಕು ಬೀಳುವ ಕಡೆ ಕೂತಿದ್ದ ಮೊದಲ ಎರಡು ಮಿಷಿನುಗಳು ವಕೀಲರ, ಅಮಲ್ದಾರರ ಮಕ್ಕಳಿಗೆ. ಅವಕ್ಕೆ ಹೊದಿಸಲು ಕಪ್ಪು ಬಟ್ಟೆಯ ಗವುಸು ಬೇರೆ. ನಡುವಿನ ಎರಡು, ತಿಂಗಳು ಹುಟ್ಟಿದ ಕೂಡಲೇ ಫೀಜು ಕಟ್ಟುವವರಿಗೆ. ಐದನೆಯದು ಮೂಲೆಯಲ್ಲಿ, ನೀರಿನ ಗಡಿಗೆಯ ಪಕ್ಕ, ಮೈಯೆಲ್ಲ ಬಣ್ಣ ಕಿತ್ತುಕೊಂಡು ಕೂತಿತ್ತು. ಅದು ಶಿವಮಲ್ಲಪ್ಪನಿಗೆ.

ಶಿವಮಲ್ಲಪ್ಪ ಅಲ್ಲಿ ಧರ್ಮದ ವಿದ್ಯಾರ್ಥಿ. ಅಪ್ಪ ಇಲ್ಲದ ಹುಡುಗ. ಅವ್ವ ಪುಟ್ಟಬಸಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿ ಅಡುಗೆಯವಳು. ಮಗ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅವಳು ಶಿವರಾಮಪೇಟೆಯಲ್ಲಿದ್ದ ಇನ್‌ಸ್ಟಿಟ್ಯೂಟಿನ ಉಪ್ಪರಿಗೆ ಹತ್ತಿ, ಪ್ರಭುಸ್ವಾಮಿಗಳ ಮುಂದೆ ಸೆರಗೊಡ್ಡಿ ನಿಂತಿದ್ದಳು.

"ಕಾಲೇಜಿಗೆ ಆಕೋ ತಾಕತ್ತಿಲ್ಲ ಅಯ್ನೋರೇ. ಕೈಗೊಂದು ಕಸುಬು ಏಳ್ಕೊಟ್ಬುಡಿ, ನಿಮ್ಮ ಎಸ್ರೇಳ್ಕೊಂಡು ಬದೀಕತೀವಿ."

ಪ್ರಭುಸ್ವಾಮಿಗಳು ಹಣೆಯ ವಿಭೂತಿ ಮುಟ್ಟಿಕೊಂಡು, "ಫೀಜು ಬೇಡ ಕಣಮ್ಮ. ನಮ್ಮ ಹುಡುಗ, ಬರ್ಲಿ" ಎಂದರು. ಹಾಗೆಂದ ಮೇಲೆ ಕಸ ಗುಡಿಸುವುದು, ಗಡಿಗೆಗೆ ನೀರು ತುಂಬುವುದು, ಮಿಷಿನುಗಳ ಧೂಳು ಒರೆಸಿ ಎಣ್ಣೆ ಬಿಡುವುದು, ಹೊಸಬರ ಬೆನ್ನ ಹಿಂದೆ ನಿಂತು ಬೆರಳು ಹೇಳಿಕೊಡುವುದು, ಇವೆಲ್ಲ ಫೀಜಲ್ಲ, ವಿನಯ. ಪ್ರಭುಸ್ವಾಮಿಗಳ ಲೆಕ್ಕ ಅದು. ಬುಕ್ ಕೀಪಿಂಗ್ ಪಾಠ ಹೇಳುವವರ ಲೆಕ್ಕದಲ್ಲಿ ತಪ್ಪು ಹುಡುಕುವ ಧೈರ್ಯ ಯಾರಿಗಿರುತ್ತದೆ?

ಹುಡುಗನಿಗೂ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವವನೂ ಅವನೇ, ಸಂಜೆ ಬೀಗ ಹಾಕುವವನೂ ಅವನೇ. ನಡುವೆ ಟೈಪಿಂಗ್, ಶಾರ್ಟ್‌ಹ್ಯಾಂಡ್, ಬುಕ್ ಕೀಪಿಂಗ್, ವ್ಯಾಪಾರದ ಕಾಗದ ಬರೆಯುವ ಬಗೆ. ಸರಕು ತಲುಪಿತೆಂದು ಹೇಗೆ ಬರೆಯಬೇಕು, ತಲುಪದಿದ್ದರೆ ಮರ್ಯಾದೆ ಬಿಡದೆ ಹೇಗೆ ಬೈಯಬೇಕು, ಎಲ್ಲ ಅವನಿಗೆ ಬಾಯಿಪಾಠ. ನಜರಬಾದಿನ ವಠಾರಕ್ಕೆ ನಡೆದು ಹೋಗುವಾಗ ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ಶಾರ್ಟ್‌ಹ್ಯಾಂಡಿನ ಗೀಟುಗಳಾಗಿ ಅಂಗೈ ಮೇಲೆ ಗೀಚಿಕೊಳ್ಳುತ್ತಿದ್ದ. ಊಟಕ್ಕೆ ಕೂತರೆ ಎಡಗೈ ಬೆರಳುಗಳು ತೊಡೆಯ ಮೇಲೆ ಕುಣಿಯುತ್ತಿದ್ದವು. "ಅನ್ನದ ಮುಂದೆ ಅದೇನ್ಲಾ ತಾಳ?" ಎಂದು ಪುಟ್ಟಬಸಮ್ಮ ಗದರುತ್ತಿದ್ದಳು, ಗದರಿ, ಆ ಕಡೆ ತಿರುಗಿಕೊಂಡು ನಗುತ್ತಿದ್ದಳು. ಅವಳ ಮುಂಗೈ ತುಂಬ ಗಂಜಿ ಬಸಿಯುವಾಗ ಸುಟ್ಟ ಕಲೆಗಳಿದ್ದವು. ಒಂದು ಕೆಲಸ ಸಿಕ್ಕಿಬಿಟ್ಟರೆ ಅವ್ವನನ್ನು ಆ ಒಲೆಯ ಮುಂದಿನಿಂದ ಎಬ್ಬಿಸಬೇಕು. ಅವನ ಎಲ್ಲ ಓದು, ಎಲ್ಲ ಬೆರಳು ಕುಣಿತ ಅದೊಂದಕ್ಕೇ.

ಆದರೆ ಐದನೇ ನಂಬರಿಗೆ ಒಂದು ರೋಗವಿತ್ತು. ಪದದಿಂದ ಪದಕ್ಕೆ ಜಾಗ ಬಿಡಲು ಮಿಷಿನಿನ ಅಡಿಯಲ್ಲಿರುವ ಉದ್ದನೆಯ ಪಟ್ಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು. ಬೇರೆ ಎಲ್ಲ ಮಿಷಿನೂ ಹಾಗೇ. ಇದನ್ನು ಒಮ್ಮೆ ತಟ್ಟಿದರೆ ಏನೂ ಆಗುತ್ತಿರಲಿಲ್ಲ. ಪದಗಳು ಒಂದಕ್ಕೊಂದು ಅಂಟಿಕೊಂಡು ಬೀಳುತ್ತಿದ್ದವು. ಎರಡು ಸಲ ತಟ್ಟಿದರೆ ಮಾತ್ರ ಮಹಾರಾಯ ಒಂದು ಮನೆ ಜರುಗುತ್ತಿದ್ದ.

ಸೇರಿದ ಹೊಸದರಲ್ಲಿ ಶಿವಮಲ್ಲಪ್ಪ ಹೇಳಿಯೂ ಇದ್ದ. "ಸಾರ್, ಪಟ್ಟಿ ಹಿಡ್ಕೊತದೆ. ಎರಡು ಸಲ ಹೊಡೀಬೇಕು."

"ಮಿಷಿನು ಸರ್ಯಾಗೇ ಇದೆ ಕಣೋ. ನಿನ್ನ ಹೆಬ್ಬೆರಳಲ್ಲಿ ಕಸುವಿಲ್ಲ" ಎಂದರು ಪ್ರಭುಸ್ವಾಮಿಗಳು. ಫೀಜು ಕೊಡುವ ಹುಡುಗರು ಕಿಸಕ್ಕೆಂದರು. ಆಮೇಲೆ ಅವನು ಆ ಮಾತೆತ್ತಲಿಲ್ಲ. ತಾನೇ ಎರಡು ಸಲ ತಟ್ಟುವುದನ್ನು ರೂಢಿಸಿಕೊಂಡ. ಎಷ್ಟು ಚುರುಕಾಗಿ ರೂಢಿಸಿಕೊಂಡನೆಂದರೆ, ಆ ಎರಡು ತಟ್ಟು ಕಿವಿಗೆ ಒಂದೇ ಆಗಿ ಕೇಳುತ್ತಿತ್ತು.

ಇನ್‌ಸ್ಟಿಟ್ಯೂಟಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ಹೊಡೆಯುವಾಗ ಕಣ್ಣು ಪಕ್ಕದಲ್ಲಿಟ್ಟ ಪಾಠದ ಮೇಲೇ ಇರಬೇಕು, ಮಿಷಿನಿನಲ್ಲಿ ಏರುತ್ತಿರುವ ಕಾಗದವನ್ನು ನೋಡಕೂಡದು. "ಕಾಗದ ನೋಡೋನು ಟೈಪಿಸ್ಟಲ್ಲ, ಕಳ್ಳ" ಎನ್ನುತ್ತ ಪ್ರಭುಸ್ವಾಮಿಗಳು ರೂಲುದೊಣ್ಣೆ ಹಿಡಿದು ಹಿಂದೆ ಓಡಾಡುತ್ತಿದ್ದರು. ಉಳಿದವರು ಅವರು ಬೆನ್ನು ತಿರುಗಿಸಿದಾಗ ಇಣುಕುತ್ತಿದ್ದರು. ಶಿವಮಲ್ಲಪ್ಪ ಇಣುಕುತ್ತಿರಲಿಲ್ಲ. ಧರ್ಮಕ್ಕೆ ಕಲಿಯುವವನು ಹಾಗೆಲ್ಲ ಮಾಡಬಾರದೆಂದು ಅವನ ನಂಬಿಕೆ. ಬೇರೆ ಮಿಷಿನು ಮುಟ್ಟಿದರೆ ರಿಬ್ಬನ್ ಸವೆಯುತ್ತದೆಂದು ಹೇಳಿದ್ದರು, ಅದಕ್ಕೆ ಮುಟ್ಟುತ್ತಲೂ ಇರಲಿಲ್ಲ. ಬೀಗದ ಕೈ ಅವನ ಹತ್ತಿರವೇ ಇತ್ತು. ಬೆಳಗಿನ ಹೊತ್ತು ಮೊದಲ ಮಿಷಿನಿನ ಮುಂದೆ ಕೂತಿದ್ದರೆ ಕೇಳುವವರಿರಲಿಲ್ಲ. ಒರೆಸಿ, ಎಣ್ಣೆ ಬಿಟ್ಟು, ಗವುಸು ಸರಿಮಾಡಿ ಮೂಲೆಗೆ ಹೋಗುತ್ತಿದ್ದ. ಅಂಥ ನಿಯತ್ತಿಗೆ ಏನು ಸಿಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸರ್ಕಾರದ ಸೀನಿಯರ್ ಪರೀಕ್ಷೆಗೆ ಹುಡುಗರು ತಾವು ಕಲಿತ ಮಿಷಿನನ್ನೇ ಹಾಲಿಗೆ ಹೊತ್ತುಕೊಂಡು ಹೋಗುವುದು ಆಗಿನ ಪದ್ಧತಿ. ಶಿವಮಲ್ಲಪ್ಪ ಐದನೇ ನಂಬರನ್ನು ಜಟಕಾದಲ್ಲಿ ತೊಡೆಯ ಮೇಲಿಟ್ಟುಕೊಂಡು, ಕುಲುಕಿದಾಗಲೆಲ್ಲ ಮಗುವನ್ನು ತಬ್ಬಿದಂತೆ ತಬ್ಬಿಕೊಂಡು ಹೋದ. ರೋಗ ಅದಕ್ಕಿತ್ತು, ಮದ್ದು ಇವನ ಹೆಬ್ಬೆರಳಿನಲ್ಲಿತ್ತು. ಕಾಗದ ಮುದ್ರಿಸಿದ ಹಾಗೆ ಬಂತು. ಫಸ್ಟ್ ಕ್ಲಾಸು. ಪ್ರಭುಸ್ವಾಮಿಗಳು ಕೆಳಗಿನ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಅವನ ಹೆಸರು ಬರೆಸಿದರು. ಅದನ್ನು ನೋಡಿ ಹೊಸ ಹುಡುಗರು ಹೆಚ್ಚು ಸೇರಿದರು. ವಕೀಲರ ಮಗ ಅನಂತಪದ್ಮನಾಭ ಮೊದಲ ನಂಬರಿನಲ್ಲಿ ಕಲಿತವನು. ಅವನಿಗೆ ಶಿವಮಲ್ಲಪ್ಪನೇ ಬೆರಳು ತಿದ್ದಿದ್ದ. ಅವನೂ ಹೇಗೋ ದಡ ಸೇರಿದ.

ಆ ಮಳೆಗಾಲದಲ್ಲಿ ಮೇಟಗಳ್ಳಿಯ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದಕ್ಕೆ ಟೈಪಿಸ್ಟ್ ಬೇಕೆಂದು ಪತ್ರಿಕೆಯಲ್ಲಿ ಬಂತು. ಬೇಕಾದ್ದು ಒಬ್ಬನೇ. ಇಬ್ಬರೂ ಅರ್ಜಿ ಹಾಕಿದರು, ಇಬ್ಬರಿಗೂ ಕರೆ ಬಂತು. ಪರೀಕ್ಷೆ ಕಾರ್ಖಾನೆಯ ಮಿಷಿನಿನ ಮೇಲೆ.

ಶಿವಮಲ್ಲಪ್ಪ ಪ್ರಭುಸ್ವಾಮಿಗಳ ಮುಂದೆ ಕೈಕಟ್ಟಿ ನಿಂತ.

"ಸಾರ್, ಅಲ್ಲಿವರ್ಗೂ ಮೊದಲ್ನೇ ನಂಬರಲ್ಲಿ ಸ್ವಲ್ಪ ಹೊಡೀಲಾ? ಬೆಳಿಗ್ಗೆ ಯಾರೂ ಬರೋಕೆ ಮುಂಚೆ. ನನ್ನ ಹೆಬ್ಬೆರಳು ಎರಡು ಸಲ ತಟ್ಟೋದು ಕಲ್ತ್‌ಬುಟ್ಟಿದೆ."

ಪ್ರಭುಸ್ವಾಮಿಗಳು ಕನ್ನಡಕದ ಮೇಲಿನಿಂದ ನೋಡಿದರು. "ಫಸ್ಟ್ ಕ್ಲಾಸ್ ಬಂದದ್ದು ಯಾವ ಮಿಷಿನಲ್ಲೋ?"

"ಐದ್ರಲ್ಲಿ ಸಾರ್."

"ಮತ್ತೆ? ಗೆದ್ದ ಮೇಲೆ ಮಿಷಿನಿಗೆ ಹೆಸರಿಡ್ತೀಯ. ಇವತ್ತು ನಿನಗೆ ಮೊದಲ್ನೇದು ಬಿಟ್ಟರೆ ನಾಳೆ ಫೀಜು ಕೊಡೋರು ನನ್ನ ಏನಂತಾರೆ? ಹೋಗು, ದೇವರ ಮೇಲೆ ಭಾರ ಹಾಕಿ ಹೊಡಿ."

ಕಾರ್ಖಾನೆಯ ಆಫೀಸಿನಲ್ಲಿ ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಅಲ್ಲಿನ ಸೂಪರಿಂಟೆಂಡೆಂಟು ಚಾಮಯ್ಯ, ನೆರೆತ ಮೀಸೆಯ ಸಮಾಧಾನದ ಮನುಷ್ಯ. ಅವರು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಿದ್ದರು. ಅನಂತಪದ್ಮನಾಭ ಹೋಗಿ ಬಂದ. ಶಿವಮಲ್ಲಪ್ಪನ ಸರದಿ ಬಂತು. ಬಸ್ಸಿನಲ್ಲಿ ಬರುವಾಗಲೆಲ್ಲ ಅವನು ಹೆಬ್ಬೆರಳಿಗೆ ಒಂದೇ ಮಾತು ಹೇಳಿಕೊಂಡಿದ್ದ: ಒಂದೇ ಸಲ, ಒಂದೇ ಸಲ.

ಹೊಸ ಮಿಷಿನು. ಮುಟ್ಟಿದರೆ ಸಾಕು, ಅಕ್ಷರ ತಾನಾಗಿ ಹಾರಿ ಬೀಳುತ್ತಿತ್ತು. ಇಷ್ಟು ಸಲೀಸಾಗಿ ಹೊಡೆಯಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ. ಮೊದಲ ಸಾಲಿನಲ್ಲಿ ಹೆಬ್ಬೆರಳು ಹೇಳಿದ ಮಾತು ಕೇಳಿತು. ಎರಡನೆಯದರಲ್ಲೂ ಕೇಳಿತು. ಆಮೇಲೆ ಕೈಗೆ ವೇಗ ಬಂತು, ಸಂತೋಷ ಬಂತು, ಮೈಮರೆವು ಬಂತು. ಕಣ್ಣನ್ನು ಪಾಠದಿಂದ ಅವನು ಒಂದು ಸಲವೂ ಎತ್ತಲಿಲ್ಲ. ಕಲಿತದ್ದೇ ಹಾಗೆ. ಗಂಟೆ ಹೊಡೆದಾಗ ಅವನಷ್ಟು ಹೊಡೆದವರು ಯಾರೂ ಇರಲಿಲ್ಲ.

ಕಾಗದ ಎಳೆದು ನೋಡಿದ. ಮೊದಲೆರಡು ಸಾಲು ಬಿಟ್ಟರೆ ಪದ ಪದದ ನಡುವೆಯೂ ಎರಡೆರಡು ಮನೆ ಖಾಲಿ. ಆ ಸಾಲುಗಳೆಲ್ಲ ಹಲ್ಲುದುರಿದ ಬಾಯಿಯ ಹಾಗೆ ಕಂಡವು.

"ಏನಪ್ಪಾ ಇದು?" ಚಾಮಯ್ಯನವರು ಕಾಗದವನ್ನು ಬೆಳಕಿಗೆ ಹಿಡಿದರು. "ಅಕ್ಷರ ಒಂದೂ ತಪ್ಪಿಲ್ಲ. ಜಾಗ ಎಲ್ಲಾನೂ ತಪ್ಪು."

ಶಿವಮಲ್ಲಪ್ಪ ತೊದಲುತ್ತ ತನ್ನ ಮಿಷಿನಿನ ಕಥೆ ಹೇಳಿದ. ಅವರು ಪೂರಾ ಕೇಳಿದರು. ಕೇಳುವ ಮನುಷ್ಯರು ಸಿಕ್ಕಿದ್ದು ಅದೇ ಮೊದಲು. "ಸರಿ, ಇನ್ನೊಂದ್ಸಲ ಕೂತ್ಕೊಳ್ಳಿ. ನಿಧಾನವಾಗೇ ಹೊಡೀರಿ. ಒಂದೇ ತಟ್ಟು, ತಿಳೀತಾ?" ಎಂದರು.

ಮತ್ತೆ ಕೂತ. ಈಗ ಅವನ ಪ್ರಾಣವೆಲ್ಲ ಹೆಬ್ಬೆರಳಿಗೆ ಬಂದು ಕೂತಿತು. ಅದನ್ನು ಕಾಯುತ್ತ ಹೋದರೆ ಉಳಿದ ಬೆರಳುಗಳು ದಾರಿ ತಪ್ಪಿದವು. ಎಡಗೈಯದು ಬಲಗೈಗೆ ಬಂತು, ಒಂದು ಸಾಲು ಹಾರಿಹೋಯಿತು, ಎರಡು ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತವು. ನಿನ್ನೆ ಸೇರಿದ ಹುಡುಗನೂ ಅಷ್ಟು ಕೆಟ್ಟದಾಗಿ ಹೊಡೆಯುತ್ತಿರಲಿಲ್ಲ. ಚಾಮಯ್ಯನವರು ಆ ಕಾಗದವನ್ನು ನೋಡಿ ಮಡಚಿಟ್ಟರು.

"ಯಾರ ಹತ್ರ ಕಲಿತದ್ದು?"

"ಪ್ರಭುಸ್ವಾಮಿಗಳ ಹತ್ರ ಸಾರ್."

"ಅಲ್ಲಿಂದಲೇ ಬಂದ ಇನ್ನೊಬ್ಬ ಹುಡುಗ ಪರವಾಗಿಲ್ಲ, ಚೆನ್ನಾಗೇ ಹೊಡೆದಿದಾನಲ್ಲ" ಎಂದರು ಅವರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು.

ಕೆಲಸ ಅನಂತಪದ್ಮನಾಭನಿಗಾಯಿತು. ಬಸ್ಸಿಗೆ ಕಾಯುವಾಗ ಅವನು ನಗಲೂ ಆಗದೆ, ಅಳಲೂ ಆಗದೆ, "ನನಗೆ ಬೆರಳು ಹೇಳಿಕೊಟ್ಟೋನೇ ನೀನು ಕಣೋ. ನಾನೇನು ಮಾಡ್ಲಿ?" ಎಂದ. ಶಿವಮಲ್ಲಪ್ಪನಿಗೆ ಅವನನ್ನು ದ್ವೇಷಿಸಬೇಕೆನ್ನಿಸಿತು. ಆದರೆ ಅನಂತಪದ್ಮನಾಭ ಮಾಡಿದ ತಪ್ಪಾದರೂ ಏನು? ಒಳ್ಳೆಯ ಮಿಷಿನಿನ ಮುಂದೆ ಕೂತದ್ದು, ಅಷ್ಟೇ. ಬಸ್ಸು ಬಂತು, ಹತ್ತಿದರು.

ಮನೆಯಲ್ಲಿ ಪುಟ್ಟಬಸಮ್ಮ ತೆಂಗಿನಕಾಯಿ, ಎಲೆಯಡಿಕೆ ಇಟ್ಟುಕೊಂಡು ಕೂತಿದ್ದಳು. ಕೆಲಸ ಆದ ಸುದ್ದಿ ಬಂದ ಕೂಡಲೇ ಅಯ್ನೋರಿಗೆ ಕೊಟ್ಟು ಬರಬೇಕೆಂದು. ಮಗ ಹೇಳಿದ್ದನ್ನೆಲ್ಲ ಕೇಳಿ ಅವಳ ಮುಖ ಕಪ್ಪಿಟ್ಟಿತು. ಕೆಲಸ ಹೋಯಿತೆಂಬುದನ್ನು ಅವಳು ನುಂಗಿಕೊಂಡಳು. ನುಂಗಲಾರದೆ ಹೋದದ್ದು ಇನ್ನೊಂದು.

"ನಿನ್ನ ಕೈಲಾಗ್ದೆ ಇದ್ದುದ್ಕೆ ಮಿಷಿನ್ನ ಅಂತೀಯಾ? ಒಂದು ಕಾಸು ಕೇಳ್ದೆ ಇದ್ಯೆ ಕೊಟ್ಟೋರು ಕಣ್ಲಾ ಅವ್ರು! ಅವ್ರನ್ನ ದೂರ್ತೀಯಲ್ಲ, ನಾಲ್ಗೆ ಬಿದ್ದೋಗಾಕಿಲ್ವಾ?"

"ಅವ್ವಾ, ದೂರ್ತಿಲ್ಲ. ನಡ್ದದ್ದು ಹೇಳ್ದೆ."

"ಅಂಗಾರೆ ನಾಳೀಕೆ ನಡಿ. ಅವ್ರ ಮುಂದೇನೇ ಏಳು."

ಮರುದಿನ ಅವನನ್ನು ಕರೆದುಕೊಂಡು ಅವಳು ಉಪ್ಪರಿಗೆ ಹತ್ತಿದಳು. ಕೈಯಲ್ಲಿ ಅದೇ ತೆಂಗಿನಕಾಯಿ. ಕ್ಲಾಸು ಇನ್ನೂ ಶುರುವಾಗಿರಲಿಲ್ಲ. ಪ್ರಭುಸ್ವಾಮಿಗಳು ಎಲ್ಲ ಕೇಳಿದರು. ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ನೊಂದವರಂತೆ ನಿಟ್ಟುಸಿರು ಬಿಟ್ಟು, "ಬಾಮ್ಮ ಇಲ್ಲಿ, ನೀನೇ ನೋಡ್ಬುಡು" ಎಂದು ಎದ್ದು ಹೋಗಿ ಐದನೇ ನಂಬರಿನ ಮುಂದೆ ಕೂತರು. ಕಾಗದ ಸಿಕ್ಕಿಸಿದರು. ಅಂಗಿಯ ತೋಳು ಮಡಿಸಿಕೊಂಡು ಒಂದು ವ್ಯಾಪಾರದ ಕಾಗದದ ಮೊದಲ ಸಾಲುಗಳನ್ನು ಸರಸರನೆ ಹೊಡೆದರು.

ಪುಟ್ಟಬಸಮ್ಮ ಕಾಗದ ನೋಡುತ್ತಿದ್ದಳು. ಶಿವಮಲ್ಲಪ್ಪ ಕಾಗದ ನೋಡಲಿಲ್ಲ. ಅವನು ನೋಡಿದ್ದು ಅವರ ಹೆಬ್ಬೆರಳನ್ನು.

ಅದು ಎರಡು ಸಲ ತಟ್ಟುತ್ತಿತ್ತು. ಪ್ರತಿ ಪದ ಮುಗಿದಾಗಲೂ, ಒಂದು ಸಲವೂ ತಪ್ಪದೆ, ಅವನದೇ ಹೆಬ್ಬೆರಳಿನ ಹಾಗೆ ಎರಡು ಸಲ. ರೋಗ ಗೊತ್ತಿಲ್ಲದವನು ಹೊಡೆದಿದ್ದರೆ ಮೊದಲ ಎರಡು ಪದವೇ ಅಂಟಿಕೊಳ್ಳುತ್ತಿದ್ದವು. ಅವರಿಗೆ ಗೊತ್ತಿತ್ತು. ಅವನು ಬರುವುದಕ್ಕೆ ಮೊದಲಿನಿಂದ ಗೊತ್ತಿತ್ತು, ಹೆಬ್ಬೆರಳಿನಲ್ಲಿ ಕಸುವಿಲ್ಲ ಎಂದು ನಗಿಸಿದ ದಿನವೂ ಗೊತ್ತಿತ್ತು, ದೇವರ ಮೇಲೆ ಭಾರ ಹಾಕು ಎಂದ ದಿನವೂ ಗೊತ್ತಿತ್ತು.

"ಮುತ್ತು ಪೋಣಿಸ್ದಂಗೆ ಬಿದ್ದದಲ್ಲೋ!" ಎಂದಳು ಪುಟ್ಟಬಸಮ್ಮ. ಅವಳಿಗೆ ಓದಲು ಬರುತ್ತಿರಲಿಲ್ಲ. ಸಾಲು ನೆಟ್ಟಗಿರುವುದು ಕಂಡಿತು, ಅಷ್ಟು ಸಾಕಾಯಿತು.

"ಅವ್ವಾ, ಅವರ ಬೆರಳು ನೋಡ್ದ್ಯಾ?"

"ಬೆರಳ್ನೇನ್ಲಾ ನೋಡಾದು? ಅಯ್ನೋರ ಬೆರಳ್ಗೆ ನಿನ್ನ ಬೆರಳು ಸಮವಾ?"

ಪ್ರಭುಸ್ವಾಮಿಗಳ ಕೈ ಮಿಷಿನಿನ ಮೇಲೇ ನಿಂತಿತು. ತಲೆಯೆತ್ತಿ ಹುಡುಗನನ್ನು ನೋಡಿದರು. ಅವನು ಕಂಡುಕೊಂಡದ್ದು ಅವರಿಗೂ ತಿಳಿಯಿತು. ಕಣ್ಣು ಬೇಗ ಕೆಳಗಾಯಿತು. ಕಾಗದವನ್ನು ಎಳೆದು, ಮುದ್ದೆ ಮಾಡಿ, ಮೆಲ್ಲನೆ, "ಹೋಗ್ಲಿ ಬಿಡು ಪುಟ್ಟಬಸಮ್ಮ. ಎಳೇ ಹುಡುಗ, ಬಾಯ್ತಪ್ಪಿ ಆಡ್ದ. ನಾಳೆಯಿಂದ ಇಲ್ಲೇ ಹೊಸ ಹುಡುಗರಿಗೆ ಪಾಠ ಹೇಳ್ಲಿ. ಏನಾದ್ರೂ ಕೊಡೋಣ" ಎಂದರು.

ಪುಟ್ಟಬಸಮ್ಮನ ಕಣ್ಣಲ್ಲಿ ನೀರು ತುಂಬಿತು. ತೆಂಗಿನಕಾಯಿಯನ್ನು ಅವರ ಪಾದದ ಬಳಿ ಇಟ್ಟು, ಸುಟ್ಟ ಕಲೆಯ ಕೈಗಳನ್ನು ನೆಲಕ್ಕೂರಿ ಹಣೆ ಮುಟ್ಟಿಸಿದಳು. ಹಾಗೇ ಬಗ್ಗಿದ್ದುಕೊಂಡೇ, "ಬೀಳ್ಲಾ, ತಪ್ಪಾಯ್ತು ಅನ್ನು" ಎಂದು ಮಗನ ಪಂಚೆಯ ಅಂಚು ಹಿಡಿದು ಎಳೆದಳು.

ಶಿವಮಲ್ಲಪ್ಪನಿಗೆ ಕೂಗಬೇಕೆನ್ನಿಸಿತು. ಕೂಗಿದರೆ ಅವ್ವ ಆ ನೆಲದ ಮೇಲೆ ಒಬ್ಬಳೇ ಆಗಿಬಿಡುತ್ತಾಳೆ. ಇಷ್ಟು ದಿನ ನಂಬಿದ್ದು ಯಾರನ್ನು ಎಂದು ಆ ವಯಸ್ಸಿನಲ್ಲಿ ಅವಳಿಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೂ ನಾಳೆ ಅದೇ ಒಲೆಯ ಮುಂದೆ ಕೂರಬೇಕಾಗುತ್ತದೆ.

ಅವನು ಬಗ್ಗಿದ. "ತಪ್ಪಾಯ್ತು ಸಾರ್" ಎಂದ.

"ಒಳ್ಳೇದಾಗ್ಲಿ ಕಣೋ" ಎಂದು ಪ್ರಭುಸ್ವಾಮಿಗಳು ಅವನ ತಲೆಯ ಮೇಲೆ ಕೈಯಿಟ್ಟರು.